ನಾಲ್ಕು ಮಕ್ಕಳ ಜೊತೆ

'ನಾಲ್ಕು ಮಕ್ಕಳ ಜೊತೆ ಬೆರೀಲಿ ಬಿಡಿ' ಎಂಬ ಮಾತು ಕೇಳದ ಮನೆ ನಮ್ಮಲ್ಲಿ ಇರಲಿಕ್ಕಿಲ್ಲ. ಸೆರಗು ಬಿಡದ ಮಗುವನ್ನು ಮೊದಲ ಸಲ ಅಂಗನವಾಡಿಗೆ ಕಳಿಸುವಾಗ ಅಜ್ಜಿಯೋ ಸೋದರತ್ತೆಯೋ ಈ ಮಾತು ಹೇಳಿರುತ್ತಾರೆ. ನಾಲ್ಕು ಅನ್ನುವುದು ಇಲ್ಲಿ ಲೆಕ್ಕವಲ್ಲ. ನಾಲ್ಕು ಜನ ಏನಂದಾರು ಎನ್ನುವಾಗಿನ ನಾಲ್ಕರ ಹಾಗೆ ಅದೂ ಇಡೀ ಲೋಕ. ಮಗು ಲೋಕಕ್ಕೆ ಒಗ್ಗಲಿ ಎಂಬುದಷ್ಟೇ ಅದರ ಅರ್ಥ.

1956ರ ನವೆಂಬರ್ 7ರಂದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಿಂದ ಒಬ್ಬ ಹುಡುಗ ಶಾಲೆಗೆ ಹೊರಟ. ಎಂಟು ತುಂಬಲು ಇನ್ನೊಂದು ವಾರವಿತ್ತು. ಹಿಂದಿನ ದಿನವಷ್ಟೇ ಪ್ರಧಾನಿ ಆಂಟನಿ ಈಡನ್ ಸೂಯೆಜ್ ಯುದ್ಧದಲ್ಲಿ ಕದನವಿರಾಮಕ್ಕೆ ಒಪ್ಪಿದ್ದರು. ಸಾಮ್ರಾಜ್ಯದ ಕಾಲ ಮುಗಿಯಿತು ಎಂದು ಎಲ್ಲರಿಗೂ ಗೊತ್ತಾದ ವಾರ ಅದು. ಹುಡುಗನ ಹೆಸರು ಚಾರ್ಲ್ಸ್, ಈಗಿನ ದೊರೆ. ಶಾಲೆ ಹಿಲ್ ಹೌಸ್, ನೈಟ್ಸ್‌ಬ್ರಿಡ್ಜ್‌ನ ಹ್ಯಾನ್ಸ್ ಪ್ಲೇಸ್‌ನಲ್ಲಿರುವ ಖಾಸಗಿ ಪ್ರೆಪರೇಟರಿ ಶಾಲೆ. ಅರಮನೆಯಿಂದ ನಡೆದರೆ ಅರ್ಧ ಗಂಟೆಯ ದಾರಿಯೂ ಅಲ್ಲ. ಆದರೆ ಅಷ್ಟು ದೂರ ಕ್ರಮಿಸಲು ಆ ಮನೆತನಕ್ಕೆ ನೂರಾರು ವರ್ಷ ಹಿಡಿದಿತ್ತು. ಅದಕ್ಕೂ ಮುಂಚೆ ಬ್ರಿಟಿಷ್ ಸಿಂಹಾಸನದ ನೇರ ವಾರಸುದಾರನೊಬ್ಬ ಆ ವಯಸ್ಸಿನಲ್ಲಿ ಬೇರೆ ಮಕ್ಕಳೊಂದಿಗೆ ಬೆಂಚಿನಲ್ಲಿ ಕೂತು ಕಲಿತದ್ದಿಲ್ಲ.

ನನ್ನ ಸಂಶೋಧನೆಯ ವಿಷಯ ಲಂಡನ್ನಿನ ಶಾಲೆಯಲ್ಲ. ಮೈಸೂರು ಸಂಸ್ಥಾನದಲ್ಲಿ ರಾಜಕುಮಾರರಿಗೆ ಪಾಠ ಹೇಳಿದ ಬಗೆ ನನ್ನ ಪಿಎಚ್.ಡಿ.ಯ ವಿಷಯ. ಆ ದಾರಿಯಲ್ಲಿ ಹೋಗುತ್ತಿದ್ದಾಗ ಹಿಲ್ ಹೌಸ್ ಅಡ್ಡ ಸಿಕ್ಕಿತು. ಹೇಗೆ ಸಿಕ್ಕಿತು ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಆ ಅರಮನೆಯ ಮಕ್ಕಳು ಅಲ್ಲಿಯವರೆಗೆ ಹೇಗೆ ಕಲಿಯುತ್ತಿದ್ದರು ಎಂದು ನೋಡಬೇಕು.

ವಿಕ್ಟೋರಿಯಾ ರಾಣಿಯ ಹಿರಿಯ ಮಗ ಬರ್ಟಿ, ಅಂದರೆ ಮುಂದೆ ಏಳನೇ ಎಡ್ವರ್ಡ್ ಆದವನು, ಬಾಲ್ಯವನ್ನೆಲ್ಲ ಮನೆಪಾಠದಲ್ಲೇ ಕಳೆದ. ತಂದೆ ಆಲ್ಬರ್ಟ್ ಮತ್ತು ಅವರ ಸಲಹೆಗಾರ ಬ್ಯಾರನ್ ಸ್ಟಾಕ್‌ಮಾರ್ ಸೇರಿ ಅವನ ದಿನದ ಗಂಟೆಗಂಟೆಗೂ ವೇಳಾಪಟ್ಟಿ ಹಾಕಿದ್ದರು. ಓರಗೆಯವರು ಬೇಕಲ್ಲ ಎಂದು ಹೊಳೆಯ ಆಚೆ ದಡದ ಈಟನ್ ಶಾಲೆಯಿಂದ ಆಯ್ದ ಕೆಲವು ಹುಡುಗರನ್ನು ವಿಂಡ್ಸರ್ ಕೋಟೆಗೆ ಕರೆಸುತ್ತಿದ್ದರು. ಆಟ ತಂದೆಯ ಕಣ್ಣೆದುರೇ ನಡೆಯಬೇಕು. ಸ್ನೇಹಿತರನ್ನೂ ಪಾಠದ ಸಾಮಗ್ರಿಯಂತೆ ತರಿಸುವುದು ಎಂದರೆ ಇದೇ. ಆ ಹುಡುಗರೊಂದಿಗೆ ಬರ್ಟಿ ಒರಟಾಗಿ ನಡೆದುಕೊಳ್ಳುತ್ತಿದ್ದ ಎಂಬುದಕ್ಕೆ ಅವನ ಮೇಷ್ಟರ ದಿನಚರಿಯೇ ಸಾಕ್ಷಿ. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ.

ಇದಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಬರ್ಟಿಯ ಮೊಮ್ಮಕ್ಕಳ ಕಥೆ. 1902ರಲ್ಲಿ ಹೆನ್ರಿ ಹ್ಯಾನ್ಸೆಲ್ ಎಂಬ ಮೇಷ್ಟರು ಇಬ್ಬರು ರಾಜಕುಮಾರರಿಗೆ ಪಾಠ ಹೇಳಲು ನೇಮಕವಾದರು. ಒಬ್ಬ ಮುಂದೆ ಸಿಂಹಾಸನ ಬಿಟ್ಟುಕೊಟ್ಟ ಎಂಟನೇ ಎಡ್ವರ್ಡ್. ಇನ್ನೊಬ್ಬ ಅವನ ಬದಲಿಗೆ ದೊರೆಯಾದ ಆರನೇ ಜಾರ್ಜ್, ಎಲಿಜಬೆತ್ ರಾಣಿಯ ತಂದೆ. ಈ ಹುಡುಗರು ಮನೆಯಲ್ಲಿರಬಾರದು, ಪ್ರೆಪರೇಟರಿ ಶಾಲೆಗೆ ಹೋಗಬೇಕು ಎಂದು ಸ್ವತಃ ಹ್ಯಾನ್ಸೆಲ್ ಹೇಳಿದರು. ತಾನು ಇರಬೇಕಾದ ಜಾಗ ಇದಲ್ಲ ಎಂದು ಮೇಷ್ಟರೇ ಹೇಳುವುದು ಅಪರೂಪ. ಹುಡುಗರ ತಂದೆ ಒಪ್ಪಲಿಲ್ಲ. ಆಗ ಹ್ಯಾನ್ಸೆಲ್ ಸ್ಯಾಂಡ್ರಿಂಗ್‌ಹ್ಯಾಮ್‌ನ ಮನೆಯ ಮಹಡಿಯ ಕೋಣೆಯೊಂದನ್ನು ತರಗತಿಯಂತೆ ಸಜ್ಜುಗೊಳಿಸಿದರು. ಎರಡು ಡೆಸ್ಕು, ಒಂದು ಕರಿಹಲಗೆ, ಪುಸ್ತಕದ ಕಪಾಟು. ಬೆಳಗ್ಗೆ ಉಪಾಹಾರಕ್ಕೆ ಮೊದಲೇ ಓದಲು ಕೂರಬೇಕೆಂಬ ಶಿಸ್ತು. ಹಿರಿಯವನು ಆ ಶಾಲೆಯ ವಿದ್ಯಾರ್ಥಿ ನಾಯಕ, ಕಿರಿಯವನು ಅವನ ಮುಂದಾಳ್ತನದಲ್ಲಿದ್ದ ಏಕೈಕ ವಿದ್ಯಾರ್ಥಿ!

ಇಬ್ಬರೇ ಮಕ್ಕಳಿರುವ ಶಾಲೆಯಲ್ಲಿ ಫುಟ್‌ಬಾಲ್ ಆಡುವುದಾದರೂ ಹೇಗೆ? ಅದಕ್ಕೂ ಒಂದು ದಾರಿ ಸಿಕ್ಕಿತು. ಸ್ಯಾಂಡ್ರಿಂಗ್‌ಹ್ಯಾಮ್ ಹಳ್ಳಿಯ ಶಾಲೆಯ ಮೇಷ್ಟರು ವಾಲ್ಟರ್ ಜೋನ್ಸ್ ತಮ್ಮ ಹಳ್ಳಿಯ ಹುಡುಗರನ್ನು ಸೇರಿಸಿ ಆಟ ಏರ್ಪಡಿಸುತ್ತಿದ್ದರು. ಕೂಲಿಕಾರರ, ತೋಟದಾಳುಗಳ ಮಕ್ಕಳು ಒಂದು ಕಡೆ, ಮುಂದೆ ದೊರೆಗಳಾಗುವವರು ಇನ್ನೊಂದು ಕಡೆ. ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಮನೆತನದ ಶಿಕ್ಷಣದ ಚರಿತ್ರೆಯನ್ನು ನಾನು ಓದಿದ ಮಟ್ಟಿಗೆ, ಅವರ ಮಕ್ಕಳು ನಿಜಕ್ಕೂ ನಾಲ್ಕು ಮಕ್ಕಳ ಜೊತೆ ಬೆರೆತದ್ದು ಆ ಹಳ್ಳಿ ಮೇಷ್ಟರ ಫುಟ್‌ಬಾಲಿನಲ್ಲಿ ಮಾತ್ರ. ಅದಕ್ಕೆ ಶುಲ್ಕವೂ ಇರಲಿಲ್ಲ, ಸಮವಸ್ತ್ರವೂ ಇರಲಿಲ್ಲ.

ಎಲಿಜಬೆತ್ ಮತ್ತು ತಂಗಿ ಮಾರ್ಗರೆಟ್ ಶಾಲೆಯ ಮೆಟ್ಟಿಲು ಹತ್ತಲೇ ಇಲ್ಲ. ಮರಿಯನ್ ಕ್ರಾಫರ್ಡ್ ಎಂಬ ಗವರ್ನೆಸ್ ಇದ್ದರು. ಸಂವಿಧಾನದ ಪಾಠಕ್ಕೆ ಈಟನ್‌ನ ಹೆನ್ರಿ ಮಾರ್ಟನ್ ಇದ್ದರು. 1937ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯೊಳಗೇ ಗರ್ಲ್ ಗೈಡ್ಸ್ ದಳವೊಂದನ್ನು ಕಟ್ಟಿ, ಆಸ್ಥಾನದವರ ಮತ್ತು ಬಂಧುಬಳಗದವರ ಹೆಣ್ಣುಮಕ್ಕಳನ್ನು ಅದಕ್ಕೆ ಸೇರಿಸಿದರು. ಅಂದರೆ ನಾಲ್ಕು ತಲೆಮಾರಿನಿಂದಲೂ ಕೊರತೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಲೋಕಕ್ಕೆ ಮಗುವನ್ನು ಕಳಿಸುವ ಬದಲು ಲೋಕದ ಒಂದು ತುಣುಕನ್ನು ಕತ್ತರಿಸಿ ಅರಮನೆಗೆ ತರಿಸಿಕೊಳ್ಳುತ್ತಿದ್ದರು, ಅಷ್ಟೇ.

ಇನ್ನು ಮೈಸೂರಿನ ವಿಷಯ. ಲಂಡನ್ನಿನಲ್ಲಿ ತಮ್ಮ ವಾರಸುದಾರನನ್ನು ಗೋಡೆಯೊಳಗೆ ಇಟ್ಟುಕೊಂಡ ಅದೇ ಬ್ರಿಟಿಷರು ಇಲ್ಲಿ ನಮ್ಮ ರಾಜಕುಮಾರರು ಶಾಲೆಗೆ ಹೋಗಲೇಬೇಕು ಎಂದು ಪಟ್ಟು ಹಿಡಿದಿದ್ದರು. 1868ರಲ್ಲಿ ಐದು ವರ್ಷದ ಹತ್ತನೇ ಚಾಮರಾಜೇಂದ್ರ ಒಡೆಯರ್ ಪಟ್ಟಕ್ಕೆ ಬಂದಾಗ ಆಡಳಿತ ಕಮಿಷನರರ ಕೈಯಲ್ಲಿತ್ತು. ಬಾಲಕನಿಗೆ ಕರ್ನಲ್ ಮ್ಯಾಲಿಸನ್ ಎಂಬ ಸೇನಾಧಿಕಾರಿಯನ್ನು ಪೋಷಕನನ್ನಾಗಿ ನೇಮಿಸಿದರು. ಅರಸು ಮನೆತನಗಳ ಹುಡುಗರನ್ನು ಸಹಪಾಠಿಗಳಾಗಿ ಸೇರಿಸಿ ರಾಯಲ್ ಸ್ಕೂಲ್ ನಡೆಸಿದರು. ಇತ್ತ ಉತ್ತರದಲ್ಲಿ 1870ರಲ್ಲಿ ರಾಜಕೋಟೆಯ ರಾಜಕುಮಾರ ಕಾಲೇಜು, 1875ರಲ್ಲಿ ಅಜ್ಮೀರದ ಮೇಯೋ ಕಾಲೇಜು ತೆರೆದವು. ಮೇಯೋ ಕಾಲೇಜಿನ ಮೊದಲ ವಿದ್ಯಾರ್ಥಿ ಅಲ್ವರಿನ ಮಂಗಲ್ ಸಿಂಗ್ ಆನೆ, ಒಂಟೆ, ಮುನ್ನೂರು ಪರಿಚಾರಕರ ಸಮೇತ ಶಾಲೆಗೆ ಬಂದನೆಂದು ಪ್ರಸಿದ್ಧಿ. ಜನಾನದ ಪ್ರಭಾವ, ಹೊಗಳುಭಟರ ಸಹವಾಸ, ಸೋಮಾರಿತನ ಇವೆಲ್ಲದರಿಂದ ರಾಜಕುಮಾರರನ್ನು ಬಿಡಿಸಲು ಸಹಪಾಠಿಗಳೇ ಮದ್ದು ಎಂಬುದು ಆ ಅಧಿಕಾರಿಗಳ ವಾದ. ಅವರದೇ ದೇಶದಲ್ಲಿ ಆ ಮದ್ದು 1956ರವರೆಗೆ ಕಪಾಟಿನಿಂದ ಹೊರಗೆ ಬರಲಿಲ್ಲ. ಇದನ್ನು ಗಮನಿಸಿದ ದಿನವೇ ನಾನು ಹಿಲ್ ಹೌಸ್ ಬಗ್ಗೆ ಓದಲು ಶುರುಮಾಡಿದ್ದು.

ಇನ್ನೊಂದು ಕಾಕತಾಳೀಯವೂ ಇದೆ. ಜಯಚಾಮರಾಜ ಒಡೆಯರ್ 1938ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಿಂದ ಬಿ.ಎ. ಮುಗಿಸಿದ್ದರು. ಅದೇ ಕಾಲೇಜಿನಲ್ಲಿ ಶಾನುಭೋಗರ ಮಕ್ಕಳೂ ರೈತರ ಮಕ್ಕಳೂ ಓದುತ್ತಿದ್ದರು. 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯ ಹುಟ್ಟಿದಾಗ ಈ ಮಾಜಿ ಮಹಾರಾಜರು ಅದರ ರಾಜ್ಯಪಾಲರಾದರು. ಆರು ದಿನ ಕಳೆದು ಲಂಡನ್ನಿನಲ್ಲಿ ಚಾರ್ಲ್ಸ್ ಶಾಲೆ ಸೇರಿದ. ಒಂದೇ ವಾರದಲ್ಲಿ ಇಲ್ಲಿ ರಾಜನೊಬ್ಬ ಗಣರಾಜ್ಯದ ಹುದ್ದೆಗೆ ಬಂದ, ಅಲ್ಲಿ ರಾಜನಾಗುವವನೊಬ್ಬ ಹಾಜರಿ ಪುಸ್ತಕಕ್ಕೆ ಬಂದ. ಎರಡಕ್ಕೂ ಸಂಬಂಧವಿಲ್ಲ, ಗೊತ್ತಿದೆ. ಆದರೂ ಹೇಳದೇ ಇರಲಾಗಲಿಲ್ಲ.

ಹ್ಯಾನ್ಸ್ ಪ್ಲೇಸ್ ಎಂಬ ಜಾಗ ಸಾಹಿತ್ಯದ ಓದುಗರಿಗೆ ಪೂರ್ತಿ ಅಪರಿಚಿತವಲ್ಲ. ಹ್ಯಾರಡ್ಸ್ ಮಳಿಗೆಯ ಹಿಂಭಾಗದಲ್ಲಿ, ನಡುವೆ ತೋಟವಿಟ್ಟುಕೊಂಡು ಸುತ್ತ ಮನೆಗಳಿರುವ ಚೌಕ ಅದು. 23ನೇ ನಂಬರಿನ ಮನೆಯಲ್ಲಿ ಜೇನ್ ಆಸ್ಟಿನ್ ಅಣ್ಣ ಹೆನ್ರಿಯ ಜೊತೆ 1814 ಮತ್ತು 1815ರಲ್ಲಿ ತಂಗಿದ್ದಳು. ಪಕ್ಕದ 22ರಲ್ಲಿ ಹೆಣ್ಣುಮಕ್ಕಳ ಶಾಲೆಯಿತ್ತು. 25ರಲ್ಲಿ ಹುಟ್ಟಿದ ಕವಯಿತ್ರಿ ಲೆಟಿಷಿಯಾ ಲ್ಯಾಂಡನ್ ಕಲಿತದ್ದು ಆ ಶಾಲೆಯಲ್ಲೇ. ಉಳ್ಳವರ ಮಕ್ಕಳಿಗೆ ಮನೆಯಂಥ ಕಟ್ಟಡದಲ್ಲಿ ಪಾಠ ಹೇಳುವ ಪದ್ಧತಿ ಆ ಚೌಕಕ್ಕೆ ಹೊಸದೇನಲ್ಲ.

ಹಿಲ್ ಹೌಸ್ ಕಟ್ಟಿದವರು ಕರ್ನಲ್ ಸ್ಟುವರ್ಟ್ ಟೌನೆಂಡ್ ಮತ್ತು ಹೆಂಡತಿ ಬೀಟ್ರಿಸ್. ಕರ್ನಲ್ ಓಟಗಾರರು. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ನಡೆದ ಮೊದಲ ಎಂಪೈರ್ ಕ್ರೀಡಾಕೂಟದಲ್ಲಿ ಇಂಗ್ಲೆಂಡಿನ ರಿಲೇ ತಂಡದಲ್ಲಿದ್ದು ಚಿನ್ನ ಗೆದ್ದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳ ವಸತಿಯ ಉಸ್ತುವಾರಿ ನೋಡಿಕೊಂಡವರು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಶಾಲೆ ಶುರುವಾಯಿತು. 2002ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅದು ಅವರ ಶಾಲೆಯಾಗಿಯೇ ಇತ್ತು. ಸಮವಸ್ತ್ರ ಬೀಟ್ರಿಸ್ ಅವರ ಆಯ್ಕೆ. ದಾಲ್ಚಿನ್ನಿ ಬಣ್ಣದ, ಮಂಡಿಯ ಕೆಳಗೆ ಕಟ್ಟುವ ಚಡ್ಡಿ, ಸಾಸಿವೆ ಹಳದಿಯ ಸ್ವೆಟರು. ಯುದ್ಧದ ನಂತರದ ಬೂದು ಬಣ್ಣದ ಲಂಡನ್ನಿನಲ್ಲಿ ಬೂದು ಬಟ್ಟೆ ತೊಡಿಸಿದರೆ ಮಕ್ಕಳ ಬುದ್ಧಿಯೂ ಬೂದಾಗುತ್ತದೆ ಎಂಬುದು ಅವರ ನಂಬಿಕೆ. ಶಾಲೆಗೆ ಸ್ವಂತ ಆಟದ ಬಯಲಿಲ್ಲ. ಮಕ್ಕಳು ಸಾಲುಗಟ್ಟಿ ಚೆಲ್ಸಿಯ ಬೀದಿಗಳಲ್ಲಿ ಮೈದಾನಕ್ಕೆ ನಡೆದು ಹೋಗುತ್ತಿದ್ದರು. ಆ ಹಳದಿ ಸಾಲು ಈಗಲೂ ಆ ಭಾಗದ ಗುರುತು.

ಕರ್ನಲ್ ರಾಣಿಗೆ ಕೊಟ್ಟ ಸಲಹೆಯೊಂದು ಪ್ರಸಿದ್ಧ. ಹುಡುಗನಿಗೆ ಫುಟ್‌ಬಾಲ್ ಆಡಿಸಿ, ಆ ಮೈದಾನದಲ್ಲಿ ಮಕ್ಕಳು ಯಾರಿಗೂ ಮರ್ಯಾದೆ ಕೊಡುವುದಿಲ್ಲ ಎಂದರಂತೆ. ಅರ್ಧ ಶತಮಾನದ ಹಿಂದೆ ಸ್ಯಾಂಡ್ರಿಂಗ್‌ಹ್ಯಾಮ್‌ನ ಹಳ್ಳಿ ಮೇಷ್ಟರಿಗೆ ಹೊಳೆದದ್ದೂ ಇದೇ. ವ್ಯತ್ಯಾಸ ಎದುರು ತಂಡದಲ್ಲಿತ್ತು. ಇಲ್ಲಿ ಎದುರಿಗೆ ನಿಂತವರು ರಾಯಭಾರಿಗಳ, ವಕೀಲರ, ಸೇನಾಧಿಕಾರಿಗಳ, ಶ್ರೀಮಂತ ವ್ಯಾಪಾರಿಗಳ ಮಕ್ಕಳು.

ಪ್ರೆಪರೇಟರಿ ಎಂಬ ಪದವನ್ನು ಇಲ್ಲಿ ಸ್ವಲ್ಪ ಬಿಡಿಸಬೇಕು. ಯಾವುದಕ್ಕೆ ಸಿದ್ಧತೆ? ಹದಿಮೂರರಲ್ಲಿ ಕಾಮನ್ ಎಂಟ್ರೆನ್ಸ್ ಪರೀಕ್ಷೆ ಬರೆದು ಈಟನ್, ಹ್ಯಾರೋಗಳಂಥ ಪಬ್ಲಿಕ್ ಸ್ಕೂಲಿಗೆ ಸೇರಲು ಸಿದ್ಧತೆ. ಹೆಸರು ಪಬ್ಲಿಕ್, ಆದರೆ ಖಾಸಗಿಗಳಲ್ಲೆಲ್ಲ ಖಾಸಗಿ. ಅಲ್ಲಿಂದ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಡ್ಜ್, ಅಲ್ಲಿಂದ ಮಂತ್ರಿಮಂಡಲವೋ ಬ್ಯಾಂಕೋ. ನಮ್ಮಲ್ಲಿ ಈ ಪದ ಇನ್ನೊಂದು ಸುತ್ತು ಬಂದಿದೆ. ಖಾಸಗಿ ಶಾಲೆಗಳೆಲ್ಲ ಪಬ್ಲಿಕ್ ಸ್ಕೂಲ್ ಎಂದು ಬೋರ್ಡು ಹಾಕಿಕೊಂಡವು. ಆ ಬೋರ್ಡಿಗೆ ಬೆಲೆ ಬಂದದ್ದು ನೋಡಿ ಸರ್ಕಾರವೇ ತನ್ನ ಶಾಲೆಗಳಿಗೆ ಕರ್ನಾಟಕ ಪಬ್ಲಿಕ್ ಶಾಲೆ ಎಂದು ಹೆಸರಿಟ್ಟಿತು. ಸಾರ್ವಜನಿಕವಾದದ್ದು ಖಾಸಗಿಯಂತೆ ಕಾಣಲು ಸಾರ್ವಜನಿಕ ಎಂಬ ಇಂಗ್ಲಿಷ್ ಪದವನ್ನೇ ಎರವಲು ತರಬೇಕಾಯಿತು. ಬ್ರಿಟನ್ನಿನಲ್ಲಿ ಖಾಸಗಿ ಶಾಲೆಗಳಲ್ಲಿ ಓದುವವರು ಸುಮಾರು ನೂರಕ್ಕೆ ಏಳು ಮಕ್ಕಳು. ಉಳಿದ ತೊಂಬತ್ಮೂರು ಮಕ್ಕಳ ಶಾಲೆಗಳು 1956ರಲ್ಲೂ ಅರಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇದ್ದವು. ಅವುಗಳಲ್ಲಿ ಯಾವುದಕ್ಕಾದರೂ ಕಳಿಸೋಣವೇ ಎಂಬ ಪ್ರಶ್ನೆ ಅರಮನೆಯಲ್ಲಿ ಗಂಭೀರವಾಗಿ ಚರ್ಚೆಯಾದದ್ದು ನಾನು ಓದಿದ ಯಾವ ಪುಸ್ತಕದಲ್ಲೂ ಕಾಣಲಿಲ್ಲ. ಆದರೂ ಅಂದಿನಿಂದ ಇಂದಿನವರೆಗೆ ಎಲ್ಲ ವರ್ಣನೆಗಳಲ್ಲೂ ಬರುವ ಮಾತು ಒಂದೇ: ಇತರ ಮಕ್ಕಳಂತೆ ಸಾಮಾನ್ಯವಾಗಿ ಬೆಳೆಯಲಿ ಎಂದು ಕಳಿಸಿದರು.

ಇಷ್ಟಾಗಿಯೂ ಆ ಮಗುವಿನ ಮಟ್ಟಿಗೆ ಅದು ಸಣ್ಣ ಬದಲಾವಣೆಯಾಗಿರಲಿಲ್ಲ. ಅಲ್ಲಿಯವರೆಗೆ ಅರಮನೆಯ ಕೋಣೆಯಲ್ಲಿ ಕ್ಯಾಥರಿನ್ ಪೀಬಲ್ಸ್ ಎಂಬ ಗವರ್ನೆಸ್ ಮುಂದೆ ಒಬ್ಬನೇ ಕೂತು ಕಲಿತವನು. ತಂಗಿ ಆ್ಯನ್ ಕೂಡ ಆ ಪಾಠಕ್ಕೆ ಬರುತ್ತಿರಲಿಲ್ಲ. ಈಗ ಸುತ್ತ ಗದ್ದಲ. ಅರಮನೆಯ ಗೋಡೆ ದಾಟಿದವನನ್ನು ಬೀದಿಯಲ್ಲಿ ಬೇರೊಂದು ಕಾದಿತ್ತು. 1957ರ ಜನವರಿಯಲ್ಲಿ ಅವನು ಪೂರ್ಣಾವಧಿಗೆ ಶಾಲೆಗೆ ಹೋಗತೊಡಗಿದಾಗ ಹ್ಯಾನ್ಸ್ ಪ್ಲೇಸ್‌ನಲ್ಲಿ ಛಾಯಾಗ್ರಾಹಕರು, ಕುತೂಹಲದ ಜನ ಮುಗಿಬಿದ್ದರು. ರಾಣಿ ಅವನನ್ನು ಮನೆಯಲ್ಲೇ ಉಳಿಸಿಕೊಳ್ಳಬೇಕಾಯಿತು. ಅರಮನೆಯ ಪತ್ರಿಕಾ ಕಾರ್ಯದರ್ಶಿ ರಿಚರ್ಡ್ ಕಾಲ್ವಿಲ್ ಸಂಪಾದಕರಿಗೆ ಫೋನು ಮಾಡಿ ಕೇಳಿಕೊಂಡ ಮೇಲೆ ಗುಂಪು ಕರಗಿತು.

ಅವನ ಆ ಅವಧಿಯ ಪ್ರಗತಿಪತ್ರ ಈಗ ಲೋಕಕ್ಕೆಲ್ಲ ಗೊತ್ತು. ಓದುವುದರಲ್ಲಿ ಚೆನ್ನಾಗಿದ್ದಾನೆ. ಇತಿಹಾಸವೆಂದರೆ ಪ್ರೀತಿ. ಚಿತ್ರ ಬಿಡಿಸುವುದೆಂದರೆ ಪ್ರಾಣ. ಧ್ವನಿ ಇಂಪಾಗಿದೆ. ಲೆಕ್ಕದಲ್ಲಿ ಮಾತ್ರ ತರಗತಿಯ ಸರಾಸರಿಗಿಂತ ಕೆಳಗೆ, ನಿಧಾನ, ಆಸಕ್ತಿ ಕಡಿಮೆ. ಈ ಸಾಲುಗಳನ್ನು ಓದುವಾಗ ನನಗೆ ಒಂದು ಬಗೆಯ ನಾಚಿಕೆಯಾಯಿತು. ಎಂಟು ವರ್ಷದವನ ಲೆಕ್ಕದ ಅಂಕ ನನಗೇಕೆ ಗೊತ್ತಾಗಬೇಕು? ನನ್ನ ಮೂರನೇ ತರಗತಿಯ ಅಂಕಪಟ್ಟಿ ಅಮ್ಮನ ಟ್ರಂಕಿನ ತಳದಲ್ಲಿದೆ, ಪುಣ್ಯಕ್ಕೆ ಅದನ್ನು ಯಾರೂ ಅಚ್ಚು ಹಾಕಿಸಿಲ್ಲ. ಮುಂದೆ ಸ್ಕಾಟ್ಲೆಂಡಿನ ಗಾರ್ಡನ್‌ಸ್ಟನ್ ಶಾಲೆಯಲ್ಲಿದ್ದಾಗ ಅವನ ಪ್ರಬಂಧದ ಪುಸ್ತಕವೇ ಕಳುವಾಗಿ 1964ರಲ್ಲಿ ಜರ್ಮನಿಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಬೇರೆ ಮಕ್ಕಳ ಪುಸ್ತಕ ಕಳೆದರೆ ಮೇಷ್ಟರ ಬೈಗುಳದಲ್ಲಿ ಮುಗಿಯುತ್ತದೆ.

1957ರ ಸೆಪ್ಟೆಂಬರಿನಲ್ಲಿ ಅವನನ್ನು ತಂದೆ ಫಿಲಿಪ್ ಓದಿದ್ದ ಚೀಮ್ ಎಂಬ ವಸತಿ ಶಾಲೆಗೆ ಸೇರಿಸಿದರು. ಹಿಲ್ ಹೌಸ್‌ನಲ್ಲಿ ಒಂದು ವರ್ಷವೂ ಕಳೆಯಲಿಲ್ಲ. ಚೀಮ್‌ನ ಮೊದಲ ಅವಧಿಯ 88 ದಿನಗಳಲ್ಲಿ 68 ದಿನ ಪತ್ರಿಕೆಗಳಲ್ಲಿ ಆ ಶಾಲೆಯ ಸುದ್ದಿ ಬಂತು. ಕಡೆಗೆ ಸಂಪಾದಕರನ್ನು ಅರಮನೆಗೇ ಕರೆಸಿ ಎಚ್ಚರಿಸಬೇಕಾಯಿತು.

ಹಿಲ್ ಹೌಸ್‌ನ ನಂತರದ ಕಥೆಯನ್ನು ಬೇಗ ಹೇಳುತ್ತೇನೆ, ಅದು ಹೆಚ್ಚಿನವರಿಗೆ ಗೊತ್ತಿರುವಂಥದ್ದೇ. ವಿಲಿಯಂ 1987ರಲ್ಲಿ, ಹ್ಯಾರಿ ಅವನ ಹಿಂದೆಯೇ, ನಾಟಿಂಗ್ ಹಿಲ್‌ನ ವೆದರ್ಬಿ ಶಾಲೆ ಸೇರಿದರು. ಅಲ್ಲಿನ ಕ್ರೀಡಾದಿನ ತಾಯಂದಿರ ಓಟದಲ್ಲಿ ಡಯಾನಾ ಬರಿಗಾಲಲ್ಲಿ ಓಡುವ ಚಿತ್ರ ಇಂದಿಗೂ ಹರಿದಾಡುತ್ತದೆ. ಆ ಓಟದಲ್ಲಿ ಮಕ್ಕಳಿಗಿಂತ ಹೆಚ್ಚು ಸ್ವಾತಂತ್ರ್ಯ ಆಕೆಗೇ ಸಿಕ್ಕಿತೇನೋ. 1997ರಲ್ಲಿ ಆಕೆ ತೀರಿಕೊಂಡ ಮೇಲೆ ಬ್ರಿಟನ್ನಿನ ಪತ್ರಿಕಾ ನೀತಿಸಂಹಿತೆಯನ್ನು ಬಿಗಿಗೊಳಿಸಿದರು. ಶಾಲೆಯಲ್ಲಿರುವಷ್ಟು ಕಾಲ ಮಕ್ಕಳನ್ನು ಅನಗತ್ಯವಾಗಿ ಕಾಡಬಾರದು ಎಂಬ ನಿಯಮ ಅದರಲ್ಲಿದೆ. ಅದು ರಾಜಕುಮಾರರಿಗೆ ಮಾತ್ರವಲ್ಲ, ಯಾವ ಮಗುವಿಗಾದರೂ ಅನ್ವಯ. ಈ ಇಡೀ ಚರಿತ್ರೆಯಲ್ಲಿ ಅರಮನೆಯ ಮಕ್ಕಳಿಂದ ಊರ ಮಕ್ಕಳಿಗೆ ನೇರವಾಗಿ ಸಿಕ್ಕ ಲಾಭ ಇದೊಂದೇ ಎಂದು ನನ್ನ ಲೆಕ್ಕ.

2017ರ ಸೆಪ್ಟೆಂಬರ್ 7ರಂದು ವಿಲಿಯಂ ತನ್ನ ಮಗ ಜಾರ್ಜ್‌ನ ಕೈಹಿಡಿದು ಬ್ಯಾಟರ್ಸಿಯ ಥಾಮಸ್ ಶಾಲೆಗೆ ಕರೆತಂದ. ವರ್ಷಕ್ಕೆ 17,000 ಪೌಂಡಿಗೂ ಹೆಚ್ಚು ಶುಲ್ಕ. ಹಾಜರಿಯಲ್ಲಿ ಅವನ ಹೆಸರು ಜಾರ್ಜ್ ಕೇಂಬ್ರಿಡ್ಜ್. ಶಾಲೆಯ ಮುಖ್ಯ ನಿಯಮ, ಕರುಣೆಯಿಂದಿರು ಎಂಬುದು. ಎರಡು ವರ್ಷ ಕಳೆದು ತಂಗಿ ಶಾರ್ಲೆಟ್ ಬಂದಳು. ಈ ನಡುವೆ ಆ ಪುಟ್ಟ ಹುಡುಗನ ಚಿತ್ರವನ್ನು ಶಾಲೆಯ ವಿವರದ ಸಮೇತ ಹರಿಯಬಿಟ್ಟು ದಾಳಿಗೆ ಪ್ರಚೋದಿಸಿದವನೊಬ್ಬನಿಗೆ 2018ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆ ಶಾಲೆಯ ಇತರ ತಾಯಿತಂದೆಯರು ಬೆಳಗ್ಗೆ ಮಕ್ಕಳನ್ನು ಗೇಟಿನ ಬಳಿ ಬಿಟ್ಟು ಹೋಗುವಾಗ ಏನು ಯೋಚಿಸುತ್ತಿದ್ದರೋ. ಅವರ ಮಕ್ಕಳೂ ನಾಲ್ಕು ಮಕ್ಕಳೇ ತಾನೆ.

ಈ ಲೇಖನ ಬರೆಯಲು ಕೂತಾಗ ಇಷ್ಟು ದೂರದ ಸಂಗತಿ ನನ್ನನ್ನು ಯಾಕೆ ಹಿಡಿದುಕೊಂಡಿದೆ ಎಂದು ಕೇಳಿಕೊಂಡೆ. ಉತ್ತರ ಅಪ್ಪನಲ್ಲಿತ್ತು. ಅಪ್ಪ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮೇಷ್ಟರು. ಒಂದು ಕೋಣೆ, ಇಪ್ಪತ್ತೊಂಬತ್ತು ಮಕ್ಕಳು, ಅವರೊಬ್ಬರೇ. ನಾನು ಮಾತ್ರ ಹಳದಿ ವ್ಯಾನಿನಲ್ಲಿ ಹದಿನಾಲ್ಕು ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಿದ್ದೆ. ನಾಲ್ಕು ಮಕ್ಕಳ ಜೊತೆ ಬೆರೆಯಲಿ ಎಂದು ಅಪ್ಪನೂ ಹೇಳಿದ್ದರು. ವ್ಯಾನು ಅರಳಿಕಟ್ಟೆ ದಾಟುವ ಹೊತ್ತಿಗೆ ಅಪ್ಪನ ಶಾಲೆಯ ಮಕ್ಕಳು ಅಲ್ಲೇ ಆಡುತ್ತಿರುತ್ತಿದ್ದರು. ಭಾನುವಾರ ನಾನು ಅವರ ಜೊತೆ ಲಗೋರಿ ಆಡುತ್ತಿದ್ದೆ. ಸೋಮವಾರ ಬೆಳಗ್ಗೆ ಟೈ ಕಟ್ಟಿಕೊಂಡು ಕಿಟಕಿಯಿಂದ ಕೈಬೀಸಿದರೆ ಅವರು ಬೀಸುತ್ತಿರಲಿಲ್ಲ. ಯಾಕೆಂದು ಆಗ ತಿಳಿದಿರಲಿಲ್ಲ. ಮಕ್ಕಳ ಸಂಖ್ಯೆ ಇಳಿದು ಆ ಶಾಲೆಯನ್ನು ಪಕ್ಕದೂರಿನ ಶಾಲೆಯ ಜೊತೆ ಸೇರಿಸಿ ಈಗ ವರ್ಷಗಳಾದವು. ನಿವೃತ್ತರಾದ ಅಪ್ಪನನ್ನು ಮೊನ್ನೆ ಯುಗಾದಿಗೆ ಊರಿಗೆ ಹೋದಾಗ ಕೇಳಿದೆ, ನನ್ನನ್ನು ನಿಮ್ಮ ಶಾಲೆಗೇ ಯಾಕೆ ಸೇರಿಸಲಿಲ್ಲ ಎಂದು. ಕನ್ನಡಕ ಒರೆಸಿಕೊಳ್ಳುತ್ತಾ, 'ಅಲ್ಲಿ ಮೇಷ್ಟ್ರು ಸರಿಯಿರ್ಲಿಲ್ಲ' ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಾಗಾಗಿ ಎಲಿಜಬೆತ್ ರಾಣಿಯನ್ನು ದೂರುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ಆಕೆಗೆ ಸಿಗದೇ ಹೋದದ್ದನ್ನು ಮಗನಿಗೆ ಕೊಡಲು ಹೋದರು. ಅವರ ಕಣ್ಣಿಗೆ ಕಂಡ ಲೋಕ ನೈಟ್ಸ್‌ಬ್ರಿಡ್ಜ್‌ವರೆಗೆ ಇತ್ತು, ಅಪ್ಪನದು ತಾಲ್ಲೂಕು ಕೇಂದ್ರದವರೆಗೆ.

ಚೀಮ್ ಶಾಲೆಯ ಒಂದು ಸಂಜೆಯ ವಿಷಯ ಹೇಳುವುದು ಉಳಿದಿದೆ. 1958ರ ಜುಲೈ 26. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಎಂಪೈರ್ ಮತ್ತು ಕಾಮನ್‌ವೆಲ್ತ್ ಕ್ರೀಡಾಕೂಟದ ಸಮಾರೋಪ. ಹಿಲ್ ಹೌಸ್‌ನ ಕರ್ನಲ್ ಇಪ್ಪತ್ತೆಂಟು ವರ್ಷದ ಹಿಂದೆ ಓಡಿ ಗೆದ್ದದ್ದು ಇದೇ ಕೂಟದ ಮೊದಲ ಆವೃತ್ತಿಯಲ್ಲಿ. ರಾಣಿಗೆ ಹುಷಾರಿರಲಿಲ್ಲ, ಅವರ ಧ್ವನಿಮುದ್ರಿತ ಭಾಷಣವನ್ನು ಕ್ರೀಡಾಂಗಣದಲ್ಲಿ ಕೇಳಿಸಿದರು. ಚೀಮ್‌ನಲ್ಲಿ ಮುಖ್ಯೋಪಾಧ್ಯಾಯರು ಕೆಲವು ಹುಡುಗರನ್ನು ತಮ್ಮ ಕೋಣೆಗೆ ಕರೆಸಿ ಟೀವಿ ಮುಂದೆ ಕೂರಿಸಿದ್ದರು. ಅವರಲ್ಲಿ ಒಂಬತ್ತು ವರ್ಷದ ಚಾರ್ಲ್ಸ್ ಕೂಡ ಇದ್ದ. ನನ್ನ ಮಗನನ್ನು ಇಂದು ಪ್ರಿನ್ಸ್ ಆಫ್ ವೇಲ್ಸ್ ಎಂದು ಘೋಷಿಸುತ್ತಿದ್ದೇನೆ ಎಂದು ತಾಯಿಯ ಧ್ವನಿ ಹೇಳಿತು. ಕ್ರೀಡಾಂಗಣ ಹೋ ಎಂದು ಕೂಗಿತು. ಕೋಣೆಯಲ್ಲಿದ್ದ ಹುಡುಗರೆಲ್ಲ ಟೀವಿ ಬಿಟ್ಟು ಅವನ ಕಡೆ ತಿರುಗಿ ನೋಡಿದರು. ಅವನಿಗೆ ಎಲ್ಲಾದರೂ ಅಡಗಿಕೊಳ್ಳೋಣ ಎನ್ನುವಷ್ಟು ಮುಜುಗರವಾಯಿತಂತೆ.